ಅಪ್‌ಡೇಟ್: ‘ಹಾರ್ಡ್‌ಲಿ’ ಗೊಂದಲ ಬಗೆಹರಿಯಿತು

ಆಫೀಸಿನ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಫಾರ್ಮ್‌ನಲ್ಲಿ ‘ಕಷ್ಟಪಟ್ಟು ಕೆಲಸ ಮಾಡಿದೆ’ ಎನ್ನಲು ‘ಐ ಹಾರ್ಡ್‌ಲಿ ವರ್ಕ್ಡ್’ ಎಂದು ಬರೆದಿದ್ದೆ. ಮ್ಯಾನೇಜರ್ ಯಾಕೆ ನಕ್ಕರು ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ‘ನಾನು ಕೆಲಸ ಮಾಡಿದ್ದೇ ಕಮ್ಮಿ’ ಅಂತ ನಾನೇ ಒಪ್ಪಿಕೊಂಡಿದ್ದೆ!

ತಪ್ಪಿನ ಮೂಲ ನಮ್ಮ ‘ಆಗಿ’. ನಿಧಾನವಾಗಿ ಅಂದರೆ ಸ್ಲೋಲಿ, ಜೋರಾಗಿ ಅಂದರೆ ಲೌಡ್‌ಲಿ. ಹಾಗಾಗಿ ಸುಮ್ನೆ ಎಲ್ಲ ಕಡೆ ‘ಲಿ’ ಅಂಟಿಸುತ್ತಿದ್ದೆ. ಆದರೆ ಕಷ್ಟಪಟ್ಟು ಎನ್ನಲು ಬರೀ ‘ಹಾರ್ಡ್’ ಸಾಕು, ಅದೂ ಕ್ರಿಯಾಪದದ ನಂತರ: ‘ಐ ವರ್ಕ್ಡ್ ಹಾರ್ಡ್’. ‘ಫಾಸ್ಟ್’ ಕೂಡ ಹಾಗೇ, ‘ಫಾಸ್ಟ್‌ಲಿ’ ಎಂದು ಬಳಸುವುದಿಲ್ಲ. ‘ಲೇಟ್’ ಅಂದರೆ ತಡವಾಗಿ, ‘ಲೇಟ್‌ಲಿ’ ಅಂದರೆ ಇತ್ತೀಚೆಗೆ. ಇದು ಸ್ವಲ್ಪ ಅನ್ಯಾಯ ಅಲ್ವಾ?

ಫಾರ್ಮ್ ತಿದ್ದಿ ಕಳಿಸಿದ್ದೇನೆ. ಈ ಸಲ ‘ವೆರಿ ಹಾರ್ಡ್’ ಅಂತಲೇ ಹಾಕಿದೆ.