ಮಂಡಿ ಸವೆತ: ಸೊಂಟದ ವ್ಯಾಯಾಮದಿಂದ ನೋವು ಇಳಿದಿದೆ, ನಡಿಗೆ ಮಾತ್ರ ಹಾಗೇ ಇದೆ

ಪ್ರಶ್ನೆ:
ಅಮ್ಮನ ಎಡ ಮಂಡಿ ಸವೆದಿದೆ. ಒಳಭಾಗದಲ್ಲೇ ನೋವು ಜಾಸ್ತಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಸೊಂಟದ ವ್ಯಾಯಾಮ ಮಾಡಿಸುತ್ತಿದ್ದೇನೆ. ಬಲ ಮಗ್ಗುಲಾಗಿ ಮಲಗಿ ಎಡಗಾಲು ಎತ್ತುವುದು, ರಬ್ಬರ್ ಬ್ಯಾಂಡ್ ಹಾಕಿಕೊಂಡು ಪಕ್ಕಕ್ಕೆ ಹೆಜ್ಜೆ ಇಡುವುದು. ಮೆಟ್ಟಿಲು ಹತ್ತುವಾಗ ನೋವು ಕಡಿಮೆಯಾಗಿದೆ. ಆದರೆ ಹಿಂದಿನಿಂದ ವಿಡಿಯೋ ಮಾಡಿ ನೋಡಿದರೆ, ಎಡಗಾಲು ಊರಿದಾಗೆಲ್ಲ ಮೈ ಎಡಕ್ಕೇ ವಾಲುತ್ತದೆ. ಸೊಂಟ ಗಟ್ಟಿಯಾದರೆ ನಡಿಗೆ ನೆಟ್ಟಗಾಗಬೇಕಲ್ವಾ? ವ್ಯಾಯಾಮದಲ್ಲಿ ಏನಾದರೂ ತಪ್ಪಿದೆಯಾ?

ಉತ್ತರ:
ನೋವು ಇಳಿದಿದೆ ಅಂದರೆ ವ್ಯಾಯಾಮ ಕೆಲಸ ಮಾಡುತ್ತಿದೆ. ವಿಡಿಯೋ ನೋಡಿ ಬೇಜಾರಾಗಬೇಡಿ.

ಒಂದು ಕಾಲು ನೆಲದಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದಾಗ ಸೊಂಟವನ್ನು ಸಮನಾಗಿ ಹಿಡಿಯುವುದು ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯು. ಅದು ಸೋತರೆ ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿಯುತ್ತದೆ. ಮೈಭಾರವೂ ಅತ್ತ ಸರಿದು, ಊರಿದ ಮಂಡಿಯ ಒಳಭಾಗಕ್ಕೆ ಒತ್ತಡ ಏರುತ್ತದೆ. ಹಾಗಾದರೆ ಸ್ನಾಯು ಗಟ್ಟಿಯಾದರೆ ಒತ್ತಡ ಇಳಿಯಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಆಸ್ಟ್ರೇಲಿಯಾದ ಕಿಮ್ ಬೆನೆಲ್ ತಂಡ 12 ವಾರ ಇಂಥದ್ದೇ ವ್ಯಾಯಾಮ ಮಾಡಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿತು. ನೋವು ಇಳಿದಿತ್ತು, ಓಡಾಟ ಸುಲಭವಾಗಿತ್ತು. ನಡೆಯುವಾಗ ಮಂಡಿಯ ಒಳಭಾಗಕ್ಕೆ ಬೀಳುವ ಒತ್ತಡದ ಅಳತೆ ಮಾತ್ರ ಬದಲಾಗಿರಲಿಲ್ಲ. ನಿಮ್ಮ ಅಮ್ಮನಲ್ಲಿ ಕಾಣುತ್ತಿರುವುದೂ ಹೆಚ್ಚುಕಡಿಮೆ ಅದೇ.

ಇನ್ನು ಆ ವಾಲುವಿಕೆ. ನೋವಿರುವ ಕಾಲಿನ ಕಡೆಗೇ ಮೈ ವಾಲಿಸಿದರೆ ಭಾರ ಮಂಡಿಗೆ ಹತ್ತಿರವಾಗಿ ಒಳಭಾಗದ ಒತ್ತಡ ತಗ್ಗುತ್ತದೆ. ಎಷ್ಟೋ ಜನರಲ್ಲಿ ಇದು ಮೈ ತಾನೇ ಕಂಡುಕೊಂಡ ಉಪಾಯ. ದಯವಿಟ್ಟು "ನೆಟ್ಟಗೆ ನಡಿ" ಅಂತ ಅವರ ಹಿಂದೆ ಬೀಳಬೇಡಿ.

ಆದರೂ ಒಂದು ಪರೀಕ್ಷೆ ಮಾಡಿ. ಕಾಲು ಎತ್ತುವಾಗ ಬೆನ್ನು, ಹಿಮ್ಮಡಿ ಎರಡೂ ಗೋಡೆಗೆ ತಾಗಿರಲಿ. ಹಿಮ್ಮಡಿ ಗೋಡೆಯನ್ನು ಸವರಿಕೊಂಡೇ ಮೇಲೇರಬೇಕು. ಬೆರಳುಗಳು ಮುಂದಕ್ಕೆ ನೋಡಲಿ, ಮೇಲಕ್ಕಲ್ಲ. ಸೊಂಟದ ಪಕ್ಕದ ಎಲುಬಿನ ಉಬ್ಬಿನಿಂದ ಸ್ವಲ್ಪ ಮೇಲೆ ಕೈ ಇಟ್ಟರೆ ಸ್ನಾಯು ಬಿಗಿಯಾಗುವುದು ಸಿಗುತ್ತದೆ. ಬಿಗಿತ ತೊಡೆಯ ಮುಂಭಾಗದಲ್ಲಿದ್ದರೆ ಬೇರೆ ಸ್ನಾಯು ಆ ಕೆಲಸ ಮಾಡುತ್ತಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ಗೋಡೆ ಪರೀಕ್ಷೆ ಮಾಡಿಸಿದೆ. ಅರ್ಧ ಎತ್ತುವಷ್ಟರಲ್ಲಿ ಹಿಮ್ಮಡಿ ಗೋಡೆ ಬಿಟ್ಟು ಮುಂದೆ ಬರುತ್ತದೆ. ಇನ್ನೊಂದು, ದೂರ ನಡೆದರೆ ಈಗಲೂ ನೋವು. ಕೋಲು ಕೊಡೋಣ ಅಂತಿದ್ದೇನೆ, ಎಡಗೈಗೆ ತಾನೇ?

ಉತ್ತರ:
ಅಲ್ಲ, ಬಲಗೈಗೆ. ನೋವಿಲ್ಲದ ಕಡೆಯ ಕೈಯಲ್ಲಿ ಕೋಲು, ನೋವಿನ ಕಾಲಿನ ಜೊತೆಗೇ ಮುಂದೆ. ಆಗ ಎಡ ಸೊಂಟದ ಸ್ನಾಯುವಿನ ಹೊರೆಯೂ ಇಳಿಯುತ್ತದೆ, ಮಂಡಿಯ ಒತ್ತಡವೂ ಇಳಿಯುತ್ತದೆ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಲಿ.

ಕಾಲನ್ನು ಹಿಮ್ಮಡಿ ಗೋಡೆ ಬಿಡದಷ್ಟು ಎತ್ತರಕ್ಕೇ ಎತ್ತಿಸಿ, ಸಾಕು. ಅದು ಸಲೀಸಾದ ಮೇಲೆ ಕಣಕಾಲಿಗೆ ತೂಕ ಕಟ್ಟಿ. ತೊಡೆ ಮುಂಭಾಗದ ವ್ಯಾಯಾಮವನ್ನೂ ಬಿಡಬೇಡಿ, ಮಂಡಿಗೆ ಅದೂ ಅಷ್ಟೇ ಮುಖ್ಯ. ಮಾರನೇ ದಿನಕ್ಕೂ ನೋವು ಉಳಿದರೆ ಸ್ವಲ್ಪ ಇಳಿಸಿ.

ತೊಡೆಸಂದಿಯಲ್ಲಿ ನೋವಿದ್ದರೆ ಸೊಂಟದ ಕೀಲನ್ನೂ ತೋರಿಸಿ. ಅಲ್ಲಿನ ತೊಂದರೆ ಮಂಡಿನೋವಾಗಿ ಕಾಣಿಸಿಕೊಳ್ಳುವುದುಂಟು. ಮಂಡಿ ಬಿಸಿಯಾಗಿ ಊದಿದರೆ, ಇಲ್ಲವೇ ಸಿಕ್ಕಿಕೊಂಡು ಬಿಡಿಸಲಾಗದಂತಾದರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.