ಸಂರಕ್ಷಕಿಯನ್ನು ಕೇಳಿ: ಹರಾಜಿನಲ್ಲಿ ಕೊಂಡ ಹಳೆ ಸ್ಕ್ರೀನ್‌ಪ್ರಿಂಟ್

ಕಪ್ಪುಬಿಳುಪು: ನಮಸ್ಕಾರ ಮೇಡಂ. ಲಂಡನ್ನಿನ ಒಂದು ಹರಾಜಿನಲ್ಲಿ ಕಣ್ಣು ಕೋರೈಸುವ ಗೆರೆ, ಆಕಾರಗಳ ಬ್ರಿಟಿಷ್ ಕಲಾವಿದೆ ಬ್ರಿಜೆಟ್ ರೈಲಿ ಅವರ ಸ್ಕ್ರೀನ್‌ಪ್ರಿಂಟ್ ಕೊಂಡೆ, ಅಂದರೆ ಜಾಲರಿಯ ಮೂಲಕ ಇಂಕು ಒತ್ತಿದ ಮುದ್ರಣ. 1965ರ ‘ಫ್ರಾಗ್‌ಮೆಂಟ್ಸ್’ ಸರಣಿಯ ಏಳರಲ್ಲಿ ಒಂದು. ಕಾಗದ ಅಲ್ಲ, ಪರ್ಸ್‌ಪೆಕ್ಸ್ ಹಾಳೆ. ಇಂಕು ಹಿಂಬದಿಗಿದೆ. ಮುಂದೆ ಮಂಜು ಕವಿದ ಹಾಗೆ ಮಸುಕು. ಒಂದು ಮೂಲೆಯಲ್ಲಿ, ಫ್ರೇಮಿನ ಸ್ಕ್ರೂ ಹತ್ತಿರ, ಕೂದಲೆಳೆಯಂಥ ಗೆರೆಗಳು. ಹರಾಜಿನವರು ಕೊಟ್ಟ ವರದಿಯಲ್ಲಿ ‘ಸಾಮಾನ್ಯ ಸವಕಳಿ’ ಅಂತ ಮಾತ್ರ ಇತ್ತು. ಗಾಜು ಒರೆಸುವ ಸ್ಪ್ರೇ ಹಾಕಬಹುದಾ?

ಸಂರಕ್ಷಕಿ: ಬೇಡ. ಬಾಟಲಿ ಕೈಯಲ್ಲಿದ್ದರೆ ಮೊದಲು ಕೆಳಗಿಡಿ, ಆಮೇಲೆ ಓದಿ.

ಪರ್ಸ್‌ಪೆಕ್ಸ್ ಅಂದರೆ ಅಕ್ರಿಲಿಕ್. ನೋಡಲು ಗಾಜಿನ ಹಾಗೆ, ಗುಣ ಬೇರೆ. ಸ್ಪ್ರೇಯಲ್ಲಿರುವ ಆಲ್ಕೋಹಾಲು, ಅಮೋನಿಯ ಅದಕ್ಕೆ ಆಗಿಬರುವುದಿಲ್ಲ. ಹಾಳೆ ಕೊಯ್ದ ಅಂಚು, ತೂತು ಕೊರೆದ ಜಾಗ, ಸ್ಕ್ರೂ ಬಿಗಿದ ಜಾಗ, ಇಲ್ಲೆಲ್ಲ ಒಳಗೊಳಗೇ ಎಳೆತ ಇರುತ್ತದೆ. ಅಲ್ಲಿಗೆ ಆಲ್ಕೋಹಾಲು ತಾಗಿದರೆ ಸಣ್ಣ ಬಿರುಕುಗಳ ಬಲೆಯೇ ಏಳುತ್ತದೆ. ಎದ್ದ ಮೇಲೆ ಹೋಗುವುದಿಲ್ಲ. ನಿಮ್ಮ ಗೆರೆಗಳು ಅವೇ ಇರಬಹುದು ಅಂತ ನನ್ನ ಭಯ. ಕೋಣೆ ಕತ್ತಲು ಮಾಡಿ, ಟಾರ್ಚ್ ಪಕ್ಕದಿಂದ ಬಿಡಿ. ಗೆರೆ ಹಾಳೆಯ ಒಳಗೆ ಬೆಳ್ಳಿಯ ಹಾಗೆ ಮಿಂಚಿದರೆ ಬಿರುಕು.

ಕಾಗದವಾಗಿದ್ದರೆ ಇಂಕು ನಾರಿಗೆ ಕಚ್ಚಿಕೊಳ್ಳುತ್ತಿತ್ತು. ಇಲ್ಲಿ ನುಣುಪು ಹಾಳೆಯ ಮೇಲೆ ಸುಮ್ನೆ ಕೂತಿದೆ. ಅದಕ್ಕೇ ಹಿಂಬದಿ ಮುಟ್ಟಬೇಡಿ. ಹಳೆ ಟೇಪ್ ಇದ್ದರೂ ಕೀಳಬೇಡಿ, ಇಂಕೂ ಜೊತೆಗೇ ಬಂದೀತು. ಇನ್ನು ಆ ಸ್ಕ್ರೂ. ಒಂದು ಮೀಟರ್ ಅಕ್ರಿಲಿಕ್ 10 ಡಿಗ್ರಿ ಬಿಸಿ ಏರಿದರೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಬಿಗಿಯಾಗಿ ಹಿಡಿದಿಟ್ಟರೆ ಅದು ಹಿಗ್ಗುವುದೆಲ್ಲಿಗೆ? ಫ್ರೇಮು ಯಾರು ಯಾವಾಗ ಹಾಕಿಸಿದ್ದು ಅಂತ ಹರಾಜಿನವರನ್ನು ಕೇಳಿ.

ಸದ್ಯಕ್ಕೆ ಮೆತ್ತನೆ ಬ್ರಷ್ಷಿನಲ್ಲಿ ಮುಂದಿನ ದೂಳು ಮಾತ್ರ ತೆಗೆಯಿರಿ. ಒಣಬಟ್ಟೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್ ಹುಟ್ಟಿ ಇನ್ನೂ ದೂಳು ಎಳೆದುಕೊಳ್ಳುತ್ತದೆ. ಬೇರೆಯವರ ಚಿತ್ರದಲ್ಲಿ ಗೀರು ಬರೀ ಗೀರು. ರೈಲಿ ಚಿತ್ರದಲ್ಲಿ ಅದು ಇನ್ನೊಂದು ಗೆರೆ, ಕಣ್ಣು ಅಲ್ಲೇ ಎಡವುತ್ತದೆ. ಹಿಂಬದಿಯ ಫೋಟೊ ಹಾಕಿ.

ಹಳೇಫ್ರೇಮು: ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತಂತೆ. ಫಾರ್ವರ್ಡ್ ಬಂದಿತ್ತು.

ಸಂರಕ್ಷಕಿ: ಟೂತ್‌ಪೇಸ್ಟ್ ಹಲ್ಲಿಗೆ.

ನೀಲಿಮಸಿ: ನನ್ನದು ಕಾಗದದ ಪ್ರಿಂಟ್. ಕಂದು ಚುಕ್ಕೆ ಎದ್ದಿವೆ. ಬ್ಲೀಚ್ ಅದ್ದಿದ ಹತ್ತಿ ಇಟ್ಟರೆ ಹೋಗುತ್ತೆ ಅಂತ ವಿಡಿಯೊ ನೋಡಿದೆ.

ಸಂರಕ್ಷಕಿ: ಬೇಡ. ಕಾಗದ ಪುಡಿಯಾಗುತ್ತದೆ. ತೇವ ಇಲ್ಲದ ಕಡೆ ಇಡಿ, ಹಿಂದಿನ ರಟ್ಟು ಆಮ್ಲ ಇಲ್ಲದ್ದಕ್ಕೆ ಬದಲಿಸಿ.

ಲೆಕ್ಕದಪುಸ್ತಕ: ನಾನೂ ಬ್ರಿಟನ್ನಿನಲ್ಲೇ ಒಂದು ಪ್ರಿಂಟ್ ಕೊಂಡೆ. ಬಿಲ್ಲಿನಲ್ಲಿ ಬಯರ್ಸ್ ಪ್ರೀಮಿಯಂ (ಹರಾಜಿನವರ ಕಮಿಷನ್) ಬಿಟ್ಟು ‘ಎ.ಆರ್.ಆರ್.’ ಅಂತ ಬೇರೆ ಹಾಕಿದ್ದಾರೆ. ಮೋಸವಾ?

ಸಂರಕ್ಷಕಿ: ಅಲ್ಲ. ಕಲಾವಿದರ ಮರುಮಾರಾಟದ ಹಕ್ಕು, ಕೃತಿ ಮತ್ತೆ ಮಾರಾಟವಾದಾಗ ಕಲಾವಿದರಿಗೆ ಹೋಗುವ ಪಾಲು. ಅಲ್ಲಿ 2006ರಿಂದ ಇದೆ. ಬೆಲೆಯ ಮೊದಲ ಹಂತಕ್ಕೆ ನೂರಕ್ಕೆ 4.

ಸುಮ್ನೆಕೇಳ್ದೆ: ಅಲ್ರೀ, ರಬ್ಬರ್ ಪಟ್ಟಿ ಎಳೆದು ಒತ್ತಿದ ನಕಲಿಗೆ ಇಷ್ಟೆಲ್ಲ ಗೋಳಾ? ಮೂಲ ಚಿತ್ರ ಬೇರೆ ಎಲ್ಲೋ ಇರುತ್ತೆ.

ಜಾಲರಿ: ನಕಲಲ್ಲ ಸ್ವಾಮಿ. ಪ್ರಿಂಟ್ ಆಗಿಯೇ ಹುಟ್ಟಿದ್ದು. ಒತ್ತಿದ ಪ್ರತಿಯೇ ಮೂಲ.

ಸುಮ್ನೆಕೇಳ್ದೆ: ಆ ರೈಲಿಯಮ್ಮ ಪೇಂಟಿಂಗನ್ನೂ ಸಹಾಯಕರ ಕೈಲೇ ಮಾಡಿಸೋದು. ಗೊತ್ತಾ?

ಜಾಲರಿ: ಗೊತ್ತು, ಅವರೇನು ಮುಚ್ಚಿಟ್ಟಿಲ್ಲ. ನಕಲು ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. 1965ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಇವರ ಚಿತ್ರವೂ ಇದ್ದ ‘ರೆಸ್ಪಾನ್ಸಿವ್ ಐ’ ಪ್ರದರ್ಶನ ನಡೆಯಿತು. ಆಗ ಅಲ್ಲಿನ ಬಟ್ಟೆ ಅಂಗಡಿಗಳ ಉಡುಪಿನ ಮೇಲೆಲ್ಲ ಇವರದೇ ವಿನ್ಯಾಸ. ಕೇಳದೆ ಎತ್ತಿಕೊಂಡದ್ದು.

ಸುಮ್ನೆಕೇಳ್ದೆ: ಹಾಗಾದ್ರೆ ಆ ಉಡುಪನ್ನೇ ಫ್ರೇಮ್ ಹಾಕಿಸಿ!

ಜಾಲರಿ: ನಿಮಗೆ ಉತ್ತರ ಬೇಕಿಲ್ಲ, ಜಗಳ ಬೇಕು.

ಹಳೇಫ್ರೇಮು: ಇಬ್ಬರೂ ಬೇರೆ ಕಡೆ ಹೋಗಿ ಕಿತ್ತಾಡಿ. ಮೇಡಂ, ಟೂತ್‌ಪೇಸ್ಟ್ ಬೇಡ ಅಂದ್ರಿ, ಕಾರಣ ಹೇಳಲಿಲ್ಲ.

ದೊಡ್ಡಕಿಟಕಿ: ಪ್ರಿಂಟ್ ಕಿಟಕಿ ಎದುರು ಹಾಕಬಹುದಾ? ಪೆನ್ಸಿಲ್ ಸಹಿ ಅಸಲಿಯಾ ಅಂತ ಫೋಟೊ ನೋಡಿ ಹೇಳ್ತೀರಾ?

ಸಂರಕ್ಷಕಿ: ಬೇಡ. ಇಲ್ಲ.

ಕೆಂಪಿಂಕು: ಗಾಜಿನ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಒರೆಸಿದರೆ?

ಸಂರಕ್ಷಕಿ: ಮೇಲೆ ಓದಿ.

ಗುಲಾಬಿರಟ್ಟು: ಬ್ಲೀಚಿಗೆ ನೀರು ಬೆರೆಸಿದರೆ?

ಸಂರಕ್ಷಕಿ: ಮೇಲೆ ಓದಿ ಅಂದೆ. ಒಬ್ಬರಾದರೂ ಓದಿ ಕೇಳ್ತೀರಾ? ಫಾರ್ವರ್ಡ್ ಮಾಡಿದವರ ಗೋಡೆಯ ಮೇಲೆ ಇಂಥ ಪ್ರಿಂಟ್ ಇರುವುದಿಲ್ಲ. ಹಾಳಾದ ಮೇಲೆ ನನ್ನ ಹತ್ತಿರ ಬರುವವರು ನೀವು. ಹಳೇಫ್ರೇಮು ಅವರೇ, ಪೇಸ್ಟಿನಲ್ಲಿ ಉಜ್ಜುವ ಪುಡಿ ಇದೆ. ಒಂದು ಗೀರು ತೆಗೆದು ನೂರು ಹಾಕುತ್ತದೆ. ಸಾಕಾ?

ಕಪ್ಪುಬಿಳುಪು: ಮೇಡಂ, ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಮಿಂಚುತ್ತಿದೆ. ಒಂದು ವಿಷಯ ಹೇಳಿರಲಿಲ್ಲ. ಕೇಳುವ ಮುಂಚೆಯೇ ಸ್ಪ್ರೇ ಸ್ವಲ್ಪ ಹಾಕಿ ನೋಡಿದ್ದೆ. ಒಂದೇ ಮೂಲೆಗೆ.

ಸಂರಕ್ಷಕಿ: ಯಾವ ಮೂಲೆ?

ಕಪ್ಪುಬಿಳುಪು: ಸ್ಕ್ರೂ ಇರುವ ಮೂಲೆ. ಗೆರೆ ಕಂಡದ್ದು ಆಮೇಲೆ.

ಸಂರಕ್ಷಕಿ: ಫೋಟೊ ಹಾಕಿ. ಸ್ಕ್ರೂ ನೀವು ಸಡಿಲಿಸಬೇಡಿ.

ನೀಲಿಮಸಿ: ಬ್ಲೀಚ್ ಬದಲು ನಿಂಬೆರಸ ಆದರೆ ಪರವಾಗಿಲ್ವಾ?