ಪದಚರ್ಚೆ: ‘ಸರ್ವರ್ ಎಬ್ಬಿಸಿದೆ’ ಅಂದರೆ ಏನೇನು ಅರ್ಥ? ಮಿಡ್ಲ್‌ವೇರ್ ಕೆಲಸದ ಕೆಲವು ಮಾತುಗಳು

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಪುಣೆಯ ಹಿಂಜವಡಿಯಲ್ಲಿ ಮಿಡ್ಲ್‌ವೇರ್, ಅಂದರೆ ಅಪ್ಲಿಕೇಶನ್‌ಗಳಿಗೂ ಅವುಗಳ ಹಿಂದಿನ ವ್ಯವಸ್ಥೆಗಳಿಗೂ ನಡುವೆ ನಿಂತು ದುಡಿಯುವ ತಂತ್ರಾಂಶ, ಅದರಲ್ಲೂ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್‌ಗಳನ್ನು ನೋಡಿಕೊಳ್ಳುವ ತಂಡದಲ್ಲಿದ್ದೇನೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದ ಕನ್ನಡದ ಹುಡುಗ ಹುಡುಗಿಯರು ನಮ್ಮಲ್ಲಿ ಸಾಕಷ್ಟು ಮಂದಿ. ದೂರು, ಕೆಲಸಗಳನ್ನು ದಾಖಲಿಸುವ ಟಿಕೆಟ್‌ನಲ್ಲಿ ಬರೆಯುವುದು ಇಂಗ್ಲಿಷ್, ಕ್ಯಾಂಟೀನಿನಲ್ಲಿ ಮರಾಠಿ. ಆದರೆ ರಾತ್ರಿ ಪಾಳಿ ಮುಗಿಸಿ ಮುಂದಿನವರಿಗೆ ಫೋನಿನಲ್ಲಿ ಕೆಲಸ ಒಪ್ಪಿಸುವಾಗ ಇಬ್ಬರೂ ಕನ್ನಡದವರಾದರೆ ಮಾತೂ ಕನ್ನಡವೇ. ಈ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯಲು ಹೊರಟಿದ್ದೇನೆ. ಅದಕ್ಕೆ ನಿಮ್ಮ ಸಲಹೆ ಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾಮಪದಗಳನ್ನೆಲ್ಲ ಕನ್ನಡಿಸಬೇಕೆಂಬ ಹಟ ನನಗಿಲ್ಲ. ಸರ್ವರ್‌ಗೆ ‘ಪರಿಚಾರಕ’ ಎಂದು ಬರೆದರೆ ನಮ್ಮವರು ಡೆಕ್ಕನ್ ಜಿಮ್‌ಖಾನಾದ ಹೋಟೆಲಿಗೆ ಹೋಗಿ ಸಪ್ಲಾಯರನ್ನು ಹುಡುಕಿಯಾರು. ನನಗೆ ತೊಡಕಾಗಿರುವುದು ಕ್ರಿಯಾಪದಗಳು. ಅವನ್ನು ಯಾವ ಸಮಿತಿಯೂ ಟಂಕಿಸಲಿಲ್ಲ, ತಾವಾಗಿಯೇ ಕನ್ನಡದಲ್ಲಿವೆ. ಸರ್ವರ್ ಬೀಳುತ್ತದೆ, ಏಳುತ್ತದೆ, ನಾವು ಎಬ್ಬಿಸುತ್ತೇವೆ, ವಾರ್ ಫೈಲ್ (ಜಾವಾ ವೆಬ್ ಅಪ್ಲಿಕೇಶನ್ನಿನ ಕಟ್ಟು) ಹಾಕುತ್ತೇವೆ, ತೆಗೆಯುತ್ತೇವೆ. ಮಾತು ಎಲ್ಲರದೂ ಒಂದೇ, ಅರ್ಥ ಒಬ್ಬೊಬ್ಬರದು ಒಂದೊಂದು.

‘ಎಬ್ಬಿಸು’ವನ್ನೇ ನೋಡಿ. ‘ಎಬ್ಬಿಸೀನ್ರಿ, ಎದ್ದದ’ ಎಂದು ಒಬ್ಬರು ಹೇಳಿದರೆ ಜಾವಾ ಪ್ರೊಸೆಸ್ ಶುರುವಾಗಿದೆ ಎಂದಷ್ಟೇ ಇರಬಹುದು. ವೆಬ್‌ಲಾಜಿಕ್ ಎಂಬ ಅಪ್ಲಿಕೇಶನ್ ಸರ್ವರ್ ತಂತ್ರಾಂಶದಲ್ಲಿ ಸರ್ವರ್ ಪೂರ್ತಿ ಏಳುವ ಮುನ್ನ ಅಡ್ಮಿನ್ ಎಂಬ ಒಂದು ಸ್ಥಿತಿ ಇದೆ. ಆಗ ಅದು ಆಡಳಿತದ ಆಜ್ಞೆಗಳನ್ನು ಕೇಳುತ್ತದೆ, ಗ್ರಾಹಕರ ಕೋರಿಕೆ ತೆಗೆದುಕೊಳ್ಳುವುದಿಲ್ಲ. ರನ್ನಿಂಗ್ ಸ್ಥಿತಿಗೆ ಬಂದ ಮೇಲೂ ಅದರೊಳಗಿನ ಅಪ್ಲಿಕೇಶನ್ ‘ಪ್ರಿಪೇರ್ಡ್’ ಎಂದು ತೋರಿಸುತ್ತಾ ಕೂತಿರಬಹುದು, ಅಂದರೆ ಸಿದ್ಧವಿದೆ ಆದರೆ ದುಡಿಯುತ್ತಿಲ್ಲ. ‘ಆಕ್ಟಿವ್’ ಆದಾಗಲೇ ಗ್ರಾಹಕರಿಗೆ ಪುಟ ಕಾಣುವುದು. ಈ ಎಲ್ಲ ಹಂತಕ್ಕೂ ನಾವು ‘ಎದ್ದದ’ ಅನ್ನುತ್ತಿದ್ದೇವೆ. ಕೈಪಿಡಿಯಲ್ಲಿ ಪ್ರೊಸೆಸ್‌ಗೆ ‘ಎದ್ದಿದೆ’, ಕೋರಿಕೆಗಳಿಗೆ ಉತ್ತರ ಕೊಡುತ್ತಿದ್ದರೆ ‘ಚಾಲೂ ಇದೆ’ ಎಂದು ಬೇರ್ಪಡಿಸಬೇಕೆಂದಿದ್ದೇನೆ. ಚಾಲೂ ಪದ ನಮ್ಮ ಬಡಗಣದವರಿಗೆ ಮನೆಯ ಮಾತು, ಮರಾಠಿಯವರಿಗೂ ತಿಳಿಯುತ್ತದೆ. ಮೈಸೂರು ಕಡೆಯವರಿಗೆ ಅದು ‘ಚಾಲೂ ಮನುಷ್ಯ’ನಂತೆ ಕೇಳಿಸಿತೇ?

ಅಪ್ಲಿಕೇಶನ್ನನ್ನು ಸರ್ವರ್ ಮೇಲೆ ಹಾಕುವ ಡಿಪ್ಲಾಯ್‌ಗೆ ‘ನಿಯೋಜನೆ’ ಬಳಸುವವರಿದ್ದಾರೆ. ಪೊಲೀಸರನ್ನು ಬಂದೋಬಸ್ತಿಗೆ ನಿಯೋಜಿಸಿದಂತೆ ಅದು ಸರಿಯಾಗಿಯೇ ಇದೆ. ಆದರೆ ಮೇಲೆ ಹೇಳಿದ ಪ್ರಿಪೇರ್ಡ್, ಆಕ್ಟಿವ್ ಎಂಬ ಎರಡು ಹಂತಗಳಲ್ಲಿ ಅದು ಯಾವುದಕ್ಕೆ ಸಲ್ಲಬೇಕು? ನನಗಂತೂ ‘ಹಾಕಿದೆ’, ‘ಚಾಲೂ ಮಾಡಿದೆ’ ಎಂಬ ಎರಡು ಮಾತುಗಳೇ ಸಾಕೆನಿಸುತ್ತದೆ.

ಬೀಳುವ ವಿಷಯಕ್ಕೆ ಬಂದರೆ ಕನ್ನಡ ಇಂಗ್ಲಿಷಿಗಿಂತ ಚುರುಕು. ‘ಡೌನ್’ ಅಂದರೆ ತಾನೇ ಬಿತ್ತೋ ನಾವು ಕೆಡವಿದೆವೋ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬಿತ್ತು, ಕೆಡವಿದೆ ಎಂದು ಎರಡು ಇವೆ. ಮರಾಠಿಯಲ್ಲೂ ಪಡ್ಲಾ, ಪಾಡ್ಲಾ ಎಂದು ಹಾಗೆಯೇ. ಹಾಗಾಗಿ ಲಾಗ್ (ಸರ್ವರ್ ಬರೆದಿಡುವ ದಿನಚರಿ) ಓದುವ ಮೊದಲೇ ಅರ್ಧ ಉತ್ತರ ಮಾತಿನಲ್ಲೇ ಸಿಗುತ್ತದೆ. ಇನ್ನು ಮೆಲ್ಲನೆ ನಿಲ್ಲಿಸುವುದು ಬೇರೆ, ಕೊಲ್ಲುವುದು ಬೇರೆ. ಮೆಲ್ಲನೆ ನಿಲ್ಲಿಸಿದರೆ ಸರ್ವರ್ ಕೈಯಲ್ಲಿರುವ ಕೆಲಸ ಮುಗಿಸಿ ಮಲಗುತ್ತದೆ. ಪ್ರೊಸೆಸ್ಸನ್ನು ಬಲವಂತವಾಗಿ ಮುಗಿಸುವ ‘ಕಿಲ್ ಮೈನಸ್ ನೈನ್’ ಆಜ್ಞೆ ಕೊಟ್ಟರೆ ಏನನ್ನೂ ಸಾವರಿಸಿಕೊಳ್ಳಲು ಪ್ರೊಸೆಸ್‌ಗೆ ಅವಕಾಶವೇ ಇಲ್ಲ. ಇವೆರಡಕ್ಕೂ ‘ಬಂದ್ ಮಾಡಿದೆ’ ಅನ್ನುವ ರೂಢಿ ನಮ್ಮಲ್ಲಿ ಬಿದ್ದಿದೆ. ಅದನ್ನು ತಪ್ಪಿಸುವುದೇ ನನ್ನ ಮೊದಲ ಗುರಿ.

ಈಗ ನನ್ನನ್ನು ಹೆಚ್ಚು ಕಾಡಿರುವ ಪದ, ಕನೆಕ್ಷನ್ ಪೂಲ್. ಇದು ನೀರಿನ ಕೊಳವಲ್ಲ, ಆ ಅನುವಾದ ನೋಡಿದಾಗಲೆಲ್ಲ ನನಗೆ ಮೈಯುರಿ. ಡೇಟಾಬೇಸ್‌ಗೆ ಪ್ರತಿಸಲ ಹೊಸ ಸಂಪರ್ಕ ತೆರೆಯುವುದು ದುಬಾರಿ ಎಂದು ಒಂದಷ್ಟನ್ನು ತೆರೆದಿಟ್ಟು, ಬೇಕಾದವರಿಗೆ ಕೊಟ್ಟು, ಕೆಲಸವಾದ ಮೇಲೆ ವಾಪಸು ಪಡೆಯುವ ಏರ್ಪಾಡು ಅದು. ಸ್ನೇಹಿತರೊಬ್ಬರು ‘ಸಂಪರ್ಕ ಕಣಜ’ ಎಂದು ಸೂಚಿಸಿದರು. ಕೇಳಲು ಸೊಗಸು, ಆದರೆ ಕಣಜದ ಕಾಳು ಉಂಡರೆ ಮುಗಿಯಿತು. ಇಲ್ಲಿ ತೆಗೆದುಕೊಂಡದ್ದನ್ನೇ ಮರಳಿಸಬೇಕು. ಕನ್ನಡದಲ್ಲಿ ಸಾಲ, ಕೈಗಡ, ಎರವಲು ಎಂಬ ಮೂರಕ್ಕೂ ವ್ಯತ್ಯಾಸವಿದೆ. ಸಾಲ, ಕೈಗಡಗಳಲ್ಲಿ ಅಷ್ಟೇ ಬೆಲೆಯದ್ದನ್ನು ತೀರಿಸಿದರಾಯಿತು, ಎರವಲು ತಂದರೆ ಅದೇ ವಸ್ತುವನ್ನು ಹಿಂದಿರುಗಿಸಬೇಕು. ಆದ್ದರಿಂದ ನನ್ನ ಒಲವು ‘ಎರವಲು ಸಂಪರ್ಕ’ದ ಕಡೆಗೆ.

ಇದರಿಂದ ಇನ್ನೊಂದು ಗಂಟೂ ಬಿಚ್ಚಿಕೊಳ್ಳುತ್ತದೆ. ಜಾವಾದಲ್ಲಿ ಪೂಲ್‌ನಿಂದ ಪಡೆದ ಸಂಪರ್ಕದ ಮೇಲೆ ‘ಕ್ಲೋಸ್’ ಎಂದು ಕರೆದರೆ ಅದು ನಿಜವಾಗಿ ಮುಚ್ಚುವುದಿಲ್ಲ, ಪೂಲ್‌ಗೆ ಹಿಂದಿರುಗುತ್ತದೆ. ಹೊಸಬರು ‘ಮುಚ್ಚಿದರೆ ಮತ್ತೆ ತೆರೆಯಲು ಹೊತ್ತು ಹಿಡಿಯುತ್ತದಲ್ಲ ಸರ್’ ಎಂದು ಕ್ಲೋಸ್ ಬರೆಯದೇ ಬಿಡುವುದುಂಟು. ‘ಮುಚ್ಚು’ ಎಂದು ಕಲಿಸುವ ಬದಲು ‘ಮರಳಿಸು’ ಎಂದು ಕಲಿಸಿದರೆ ಆ ಅನುಮಾನವೇ ಹುಟ್ಟದು. ಕನೆಕ್ಷನ್ ಲೀಕ್‌ಗೆ ‘ಸೋರಿಕೆ’ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಏನೂ ಹೊರಗೆ ಸುರಿದು ಹೋಗಿಲ್ಲ, ಒಯ್ದವರು ವಾಪಸು ಕೊಟ್ಟಿಲ್ಲ. ಅದಕ್ಕೆ ನಮ್ಮಲ್ಲಿ ‘ಬಾಕಿ’ ಎಂಬ ಹಳೆಯ, ಎಲ್ಲರಿಗೂ ಗೊತ್ತಿರುವ ಮಾತಿದೆ. ಹಿಕಾರಿ ಎಂಬ ಜಾವಾ ಪೂಲ್‌ನಲ್ಲಿ ಮಿತಿಯನ್ನು ನಾವೇ ಬದಲಿಸದಿದ್ದರೆ ಗರಿಷ್ಠ 10 ಸಂಪರ್ಕ. ಹತ್ತೂ ಬಾಕಿ ಬಿದ್ದರೆ ಹನ್ನೊಂದನೆಯ ಕೋರಿಕೆ ಕಾಯುತ್ತದೆ, 30 ಸೆಕೆಂಡ್ ದಾಟಿದರೆ ದೋಷ ಎಸೆಯುತ್ತದೆ. ‘ಎಲ್ಲಾ ಬಾಕಿ ಅದಾವ’ ಎಂದು ಫೋನಿನಲ್ಲಿ ಹೇಳಿದರೆ ಕೇಳಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಒಂದೇ ಪ್ರೊಸೆಸ್‌ನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಸರಣಿಗಳಾದ ಥ್ರೆಡ್‌ಗೆ ‘ಎಳೆ’ ಚೆನ್ನಾಗಿ ಹೊಂದುತ್ತದೆ, ನಮ್ಮ ಈ ಚರ್ಚೆಗೂ ಎಳೆ ಎಂದೇ ಅನ್ನುತ್ತೇವಲ್ಲ. ಎಡವುವುದು ‘ಸ್ಟಕ್ ಥ್ರೆಡ್’ ಬಳಿ. ‘ಸಿಕ್ಕಿದ ಎಳೆ’ ಎಂದರೆ ಕನ್ನಡದ ಕಿವಿಗೆ ಸುಳಿವು ದೊರೆತಂತೆ! ಸಿಕ್ಕಿಬಿದ್ದ ಎಳೆ ಅಂದರೆ ಅದು ಕಳ್ಳ. ‘ಕಾದು ನಿಂತ ಎಳೆ’ ಎಂದು ಬರೆದು ನೋಡಿದೆ, ಬಹಳ ಸಲ ಅದು ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಲೇ ಇರುತ್ತದೆ. ಆದರೆ ಮುಗಿಯದ ಲೂಪ್‌ನಲ್ಲಿ ಗಿರಗಿರ ಸುತ್ತುತ್ತಿರುವ ಥ್ರೆಡ್ ಕೂಡ ಸ್ಟಕ್ ಎಂದೇ ಗುರುತಾಗುತ್ತದೆ, ಅದು ಕಾಯುತ್ತಿಲ್ಲ, ಸಿಪಿಯು ತಿನ್ನುತ್ತಿದೆ. ವೆಬ್‌ಲಾಜಿಕ್‌ನ ಲೆಕ್ಕ ಸರಳ: ಒಂದೇ ಕೋರಿಕೆಯ ಮೇಲೆ ನಿಗದಿತ ಹೊತ್ತಿಗಿಂತ ಹೆಚ್ಚು, ಮೂಲ ಸಂಯೋಜನೆಯಲ್ಲಿ 600 ಸೆಕೆಂಡ್, ತೊಡಗಿದ್ದರೆ ಅದು ಸ್ಟಕ್. ವೆಬ್‌ಸ್ಫಿಯರ್ ಎಂಬ ಇನ್ನೊಂದು ಅಪ್ಲಿಕೇಶನ್ ಸರ್ವರ್‌ನಲ್ಲಿ ಇದಕ್ಕೆ ‘ಹಂಗ್’ ಥ್ರೆಡ್ ಎಂದು ಹೆಸರು. ಮೂಲ ಮಿತಿ ಅಲ್ಲೂ 10 ನಿಮಿಷವೇ, ಆಮೇಲೆ ಥ್ರೆಡ್ ಕೆಲಸ ಮುಗಿಸಿಬಿಟ್ಟರೆ ಅದನ್ನೂ ಲಾಗ್‌ನಲ್ಲಿ ಬರೆಯುತ್ತದೆ. ಅಂದರೆ ಇದು ಸತ್ತ ಎಳೆಯೂ ಅಲ್ಲ, ತೊಡಕಾದ ಎಳೆಯೂ ಅಲ್ಲ. ‘ಬಿಡುವಾಗದ ಎಳೆ’ ಅಂದರೆ ಎರಡು ಬಗೆಗೂ ಒಪ್ಪುತ್ತದೆಯೇ? ಹಾಗಾದರೆ ‘ಸಿಕ್ಕುಗಂಟು’ ಪದವನ್ನು ಡೆಡ್‌ಲಾಕ್‌ಗೆ ಉಳಿಸಿಕೊಳ್ಳಬಹುದು. ಅಲ್ಲಿ ನಿಜಕ್ಕೂ ಎರಡು ಎಳೆ, ಒಂದಕ್ಕೆ ಬೇಕಾದುದನ್ನು ಇನ್ನೊಂದು ಹಿಡಿದುಕೊಂಡು, ಎರಡೂ ಬಿಡದೆ ಕೂತಿರುತ್ತವೆ.

ಬಳಕೆದಾರರು ಲಾಗಿನ್ ಆಗಿ ಹೊರಹೋಗುವವರೆಗಿನ ಸೆಷನ್ ಬಗ್ಗೆ ಹೆಚ್ಚು ಹೇಳಲಾರೆ. ‘ನಿಮ್ಮ ಅಧಿವೇಶನ ಮುಗಿದಿದೆ’ ಅಂದರೆ ಬೆಳಗಾವಿಯ ಸುವರ್ಣಸೌಧ ಕಣ್ಣೆದುರು ಬರುತ್ತದೆ, ‘ನಿಮ್ಮ ಅವಧಿ ಮುಗಿದಿದೆ’ ಅಂದರೆ ಯಮದೂತ. ಸೆಷನ್ ಸೆಷನ್ನಾಗಿಯೇ ಇರಲಿ. ಕಂಟೇನರ್ ಕೂಡ ಹಾಗೆಯೇ, ಆದರೆ ಜಾವಾ ವೆಬ್ ಅಪ್ಲಿಕೇಶನ್ ನಡೆಸುವ ಟಾಮ್‌ಕ್ಯಾಟ್‌ನಂಥ ಸರ್ವ್‌ಲೆಟ್ ಕಂಟೇನರ್ ಬೇರೆ, ತಂತ್ರಾಂಶವನ್ನು ಅದಕ್ಕೆ ಬೇಕಾದುದರೊಡನೆ ಕಟ್ಟಿ ಪ್ರತ್ಯೇಕವಾಗಿ ನಡೆಸುವ ಡಾಕರ್ ಕಂಟೇನರ್ ಬೇರೆ ಎಂಬುದನ್ನು ಪ್ರತಿಸಲ ಪೂರ್ತಿ ಹೆಸರಿಟ್ಟೇ ಬರೆಯಬೇಕಾಗುತ್ತದೆ. ಎರಡನೆಯದರೊಳಗೆ ಮೊದಲನೆಯದನ್ನು ಇಟ್ಟು ನಡೆಸುವವರೂ ಈಗ ಸಾಕಷ್ಟಿದ್ದಾರೆ.

ಮಿಡ್ಲ್‌ವೇರ್ ಎಂಬ ಪದಕ್ಕೆ ವಯಸ್ಸಾಗಿದೆ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಆಶ್ರಯದಲ್ಲಿ ನಡೆದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದ ವರದಿಯಲ್ಲೇ ಅದು ಕಾಣಿಸುತ್ತದೆ. ಯಂತ್ರಾಂಶ, ತಂತ್ರಾಂಶಗಳ ಜಾಡಿನಲ್ಲಿ ‘ಮಧ್ಯಾಂಶ’ ಎಂದರೆ ಸಂಖ್ಯಾಶಾಸ್ತ್ರದ ಮಧ್ಯಾಂಕ ನೆನಪಾಗುತ್ತದೆ. ‘ಮಧ್ಯವರ್ತಿ ತಂತ್ರಾಂಶ’ಕ್ಕೆ ಎಪಿಎಂಸಿ ವಾಸನೆ, ಆದರೂ ಅಪ್ಲಿಕೇಶನ್‌ಗಳ ನಡುವೆ ಸಂದೇಶ ದಾಟಿಸುವ ಮೆಸೇಜ್ ಬ್ರೋಕರ್‌ಗೆ ‘ದಲ್ಲಾಳಿ’ ಅನ್ನಲು ನನಗೆ ಅಡ್ಡಿಯಿಲ್ಲ. ಕಮಿಷನ್ ಕೇಳದ ದಲ್ಲಾಳಿ ಅದು. ಶೀರ್ಷಿಕೆಗೆ ‘ನಡುತಂತ್ರಾಂಶ’ ಎಂದು ಇಟ್ಟುಕೊಂಡಿದ್ದೇನೆ, ವಿರೋಧವಿದ್ದರೆ ತಿಳಿಸಿ.

ಕೊನೆಯದಾಗಿ ಒಂದು ಬಳಕೆಯ ಪ್ರಶ್ನೆ. ಊರಿನಲ್ಲಿ ಪಹಣಿಗೋ ಪಡಿತರಕ್ಕೋ ಹೋದರೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎನ್ನುತ್ತಾರೆ, ‘ಕರೆಂಟ್ ಇಲ್ಲ’ ಅಂದಂತೆಯೇ. ‘ಸರ್ವರ್ ಬಂತು’ ಎಂಬ ಮಾತೂ ಇದೆ. ಇಲ್ಲಿ ಸರ್ವರ್ ಅಂದರೆ ಯಂತ್ರವಲ್ಲ, ಆ ಕ್ಷಣಕ್ಕೆ ಕೆಲಸ ನಡೆಯುವ ಸ್ಥಿತಿ. ನಮ್ಮ ಹೊಸಬರು ಈ ಅರ್ಥವನ್ನೇ ಹೊತ್ತು ಬರುತ್ತಾರೆ. ಬ್ರೌಸರಿನಲ್ಲಿ ಕಾಣುವ ದೋಷಸಂಖ್ಯೆಗಳಾದ 502, 503, 504 ಮೂರನ್ನೂ ‘ಸರ್ವರ್ ಇಲ್ಲ’ ಎಂದೇ ಒಪ್ಪಿಸುತ್ತಾರೆ. 502ರಲ್ಲಿ ಮುಂದೆ ನಿಂತು ಕೋರಿಕೆ ದಾಟಿಸುವ ಪ್ರಾಕ್ಸಿಗೆ ಹಿಂದಿನ ಸರ್ವರ್‌ನಿಂದ ಕೆಟ್ಟ ಉತ್ತರ ಬಂದಿದೆ, 503ರಲ್ಲಿ ಸದ್ಯಕ್ಕೆ ಆಗದು ಎಂಬ ಉತ್ತರ, 504ರಲ್ಲಿ ಹೊತ್ತಿಗೆ ಸರಿಯಾಗಿ ಉತ್ತರವೇ ಇಲ್ಲ. ‘ಕೆಟ್ಟ ಉತ್ತರ, ಈಗಾಗದು, ಉತ್ತರವಿಲ್ಲ’ ಎಂದು ಬರೆದಿದ್ದೇನೆ. ಇವಕ್ಕಿಂತ ಚಿಕ್ಕದಾಗಿ, ಫೋನಿನಲ್ಲಿ ಹೇಳಿದರೂ ಒಂದಕ್ಕೊಂದು ಬೆರೆಯದ ಹಾಗೆ ನಿಮ್ಮ ಕಡೆಯ ಮಾತುಗಳಿದ್ದರೆ ದಯವಿಟ್ಟು ಬರೆಯಿರಿ. ಕರಾವಳಿಯಿಂದ ಮುಂಬಯಿ, ಗೋವಾಗಳಿಗೆ ಹೋಗಿ ಇದೇ ಕೆಲಸ ಮಾಡುತ್ತಿರುವವರು ‘ಎಬ್ಬಿಸು’ ಎನ್ನುತ್ತೀರೋ ಬೇರೆ ಏನಾದರೂ ಇದೆಯೋ, ಅದನ್ನೂ ತಿಳಿಯುವ ಆಸೆ.